ಅಘನಾಶಿನಿಯ ಅಳಿವೆ: ಎಕರೆಯ ಲೆಕ್ಕ, ನೀರಿನ ಲೆಕ್ಕ

ಕುಮಟಾ ತಾಲ್ಲೂಕಿನ ಮಾಣಿಕಟ್ಟಾದ ಗಜನಿ (ಅಳಿವೆಯಂಚಿನ ತಗ್ಗು ಗದ್ದೆ) ಬಯಲಿನಲ್ಲಿ ಒಡ್ಡಿನ ಮೇಲೆ ನಡೆದು ಹೋದರೆ ನಡುನಡುವೆ ಮರದ ಹಲಗೆಗಳನ್ನು ಇಳಿಬಿಟ್ಟ ಕಿರಿದಾದ ಬಾಗಿಲುಗಳು ಕಾಣಸಿಗುತ್ತವೆ. ಊರಿನವರು ಅದನ್ನು ಜಂತ್ರಡಿ ಎನ್ನುತ್ತಾರೆ. ಒಂದು ಬದಿಗೆ ಅಘನಾಶಿನಿಯ ಉಪ್ಪುನೀರು, ಇನ್ನೊಂದು ಬದಿಗೆ ಗದ್ದೆ. ಮಳೆಗಾಲದಲ್ಲಿ ಇಳಿತದ ಹೊತ್ತಿಗೆ ಹಲಗೆ ಎತ್ತಿ ಗದ್ದೆಯಲ್ಲಿ ತುಂಬಿದ ಮಳೆನೀರನ್ನು ಹೊರಗೆ ಬಿಡುತ್ತಾರೆ. ಉಬ್ಬರ ಏರುವ ಮೊದಲೇ ಹಲಗೆ ಇಳಿಸಿ ಉಪ್ಪುನೀರನ್ನು ತಡೆಯುತ್ತಾರೆ. ಕೊಯ್ಲು ಮುಗಿದ ಮೇಲೆ ಈ ಕ್ರಮ ತಿರುಗುಮುರುಗಾಗುತ್ತದೆ. ಉಬ್ಬರದ ನೀರನ್ನು ಮೀನಿನ ಮರಿ, ಸಿಗಡಿ ಮರಿಗಳ ಸಮೇತ ಒಳಗೆ ಬಿಟ್ಟುಕೊಂಡು, ಅವು ಬೆಳೆದ ಮೇಲೆ ಇಳಿತದ ಹೊತ್ತಿಗೆ ಬಾಗಿಲಿಗೆ ಬಲೆ ಕಟ್ಟುತ್ತಾರೆ. ಒಂದೇ ನೆಲ ಅರ್ಧ ವರ್ಷ ಅಕ್ಕಿ ಕೊಡುತ್ತದೆ, ಇನ್ನರ್ಧ ವರ್ಷ ಮೀನು ಕೊಡುತ್ತದೆ.

ಇಂಥ ಬಯಲನ್ನು, ಅದರ ಸುತ್ತಲಿನ ಕಾಂಡ್ಲಾ (ಮ್ಯಾಂಗ್ರೋವ್) ಕಾಡನ್ನು, ಇಳಿತದಲ್ಲಿ ಮೈದೋರುವ ಕೆಸರಿನ ದಿಬ್ಬಗಳನ್ನು ಹಾಗೆಯೇ ಉಳಿಸಿಕೊಳ್ಳಬೇಕೇ, ಇಲ್ಲವೇ ಬಂದರು, ಕಾರ್ಖಾನೆ, ವಿದ್ಯುತ್ ಸ್ಥಾವರಗಳಿಗೆ ಬಿಟ್ಟುಕೊಡಬೇಕೇ ಎಂಬ ಚರ್ಚೆ ಅಘನಾಶಿನಿಯ ದಡದಲ್ಲಿ ದಶಕಗಳಿಂದ ನಡೆದಿದೆ. ಚರ್ಚೆ ಸಾಮಾನ್ಯವಾಗಿ ಎಕರೆಯ ಭಾಷೆಯಲ್ಲಿ ನಡೆಯುತ್ತದೆ: ಯೋಜನೆಗೆ ಇಷ್ಟು ಎಕರೆ, ಉಳಿಯುವುದು ಇಷ್ಟು ಎಕರೆ, ಬದಲಿಗೆ ಬೇರೆಡೆ ಗಿಡ ನೆಡುವುದು ಇಷ್ಟು ಎಕರೆ. ಈ ಲೆಕ್ಕ ಮೂಲದಲ್ಲೇ ತಪ್ಪು ಎಂಬುದು ನನ್ನ ಖಚಿತ ಅಭಿಪ್ರಾಯ. ಉಪ್ಪು ಜವುಗಿನ ಸತ್ವವಿರುವುದು ಅದರ ಮೇಲೆ ದಿನಕ್ಕೆರಡು ಸಲ ಹರಿದು ಬಂದು ಹೋಗುವ ನೀರಿನಲ್ಲಿ. ಆ ನೀರಿನ ಹದ ಕೆಟ್ಟರೆ ಒಂದು ಗುಂಟೆಯನ್ನೂ ಮಣ್ಣು ಹಾಕಿ ಮುಚ್ಚದೆ ಇಡೀ ಜವುಗನ್ನು ಕಳೆದುಕೊಳ್ಳಬಹುದು. ಅದು ಹೇಗೆ ಎಂಬುದನ್ನು ಬಿಡಿಸಿ ಹೇಳುವುದು ಈ ಬರಹದ ಉದ್ದೇಶ.

ಮೊದಲು ನದಿಯ ಪರಿಚಯ. ಅಘನಾಶಿನಿ ಶಿರಸಿಯ ಶಂಕರಹೊಂಡ ಮತ್ತು ಮಂಜುಗುಣಿಯ ಕಡೆಯ ತೊರೆಗಳಿಂದ ಹುಟ್ಟಿ, ಸಿದ್ದಾಪುರದ ಉಂಚಳ್ಳಿಯಲ್ಲಿ 116 ಮೀಟರ್ ಧುಮುಕಿ, ಘಟ್ಟ ಇಳಿದು, ಕುಮಟಾ ತಾಲ್ಲೂಕಿನಲ್ಲಿ ವಿಶಾಲವಾಗಿ ಹರಡಿಕೊಂಡು, ಒಂದು ದಡದಲ್ಲಿ ತದಡಿ, ಇನ್ನೊಂದು ದಡದಲ್ಲಿ ಅಘನಾಶಿನಿ ಎಂಬ ಊರು ಇರುವಲ್ಲಿ ಅರಬ್ಬಿ ಸಮುದ್ರವನ್ನು ಸೇರುತ್ತದೆ. ಪಶ್ಚಿಮ ಘಟ್ಟದ ಹೆಚ್ಚಿನ ನದಿಗಳಿಗೆ ಸಿಗದ ಭಾಗ್ಯವೊಂದು ಇದಕ್ಕಿದೆ: ಇದರ ದಾರಿಯಲ್ಲಿ ದೊಡ್ಡ ಅಣೆಕಟ್ಟಿಲ್ಲ. ಉತ್ತರಕ್ಕೆ ಕಾಳಿಗೂ ದಕ್ಷಿಣಕ್ಕೆ ಶರಾವತಿಗೂ ಅಣೆಕಟ್ಟುಗಳ ಸಾಲೇ ಇದೆ. ಈ ವ್ಯತ್ಯಾಸವನ್ನು ನೆನಪಿಟ್ಟುಕೊಳ್ಳಬೇಕು, ಮುಂದಿನ ವಿವರಣೆಯಲ್ಲಿ ಬಹಳಷ್ಟು ಇದರ ಮೇಲೆ ನಿಂತಿದೆ.

ಅಳಿವೆಯಲ್ಲಿ ನಡೆಯುವುದು ಸಿಹಿನೀರು ಮತ್ತು ಉಪ್ಪುನೀರಿನ ಎಡೆಬಿಡದ ಬೆರಕೆ. ನಮ್ಮ ಕರಾವಳಿಯಲ್ಲಿ ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಪ್ರತಿದಿನ ಅವುಗಳ ಹೊತ್ತು ಸುಮಾರು 50 ನಿಮಿಷ ಮುಂದಕ್ಕೆ ಸರಿಯುತ್ತದೆ. ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನಲ್ಲಿ ಉಬ್ಬರ ಹೆಚ್ಚು ಏರುತ್ತದೆ. ಇದರ ಮೇಲೆ ಋತುಮಾನದ ಇನ್ನೊಂದು ದೊಡ್ಡ ಉಸಿರಾಟವಿದೆ. ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಈ ಸೀಮೆಯಲ್ಲಿ ಜುಲೈ ಹೊತ್ತಿಗೆ ಅಳಿವೆಯ ನೀರು ಹೆಚ್ಚುಕಡಿಮೆ ಸಿಹಿಯಾಗಿರುತ್ತದೆ. ಏಪ್ರಿಲ್–ಮೇ ಹೊತ್ತಿಗೆ ನದಿ ಸೊರಗಿ, ಸಮುದ್ರದ ಉಪ್ಪು ಮೈಲುಗಟ್ಟಲೆ ಒಳಗೆ ಬರುತ್ತದೆ. ಇಲ್ಲಿ ಬದುಕುವ ಪ್ರತಿಯೊಂದು ಗಿಡವೂ ಪ್ರಾಣಿಯೂ ಈ ಎರಡು ತಾಳಗಳಿಗೆ ಹೊಂದಿಕೊಂಡದ್ದು. ಹಾಗೆ ಹೊಂದಿಕೊಳ್ಳಬಲ್ಲ ಜಾತಿಗಳು ಕಡಿಮೆ, ಆದರೆ ಹೊಂದಿಕೊಂಡವುಗಳ ಬೆಳವಣಿಗೆ ಅಪಾರ. ಘಟ್ಟದ ಕಾಡು ತೊಳೆದು ತಂದ ಗೊಬ್ಬರದಂಥ ಮಣ್ಣನ್ನು ನದಿ ತರುತ್ತದೆ, ಉಬ್ಬರ ಅದನ್ನು ಹಿಂದಕ್ಕೆ ತಳ್ಳಿ ಕೆಸರಿನ ಮೇಲೆ ಹರಡುತ್ತದೆ, ಇಳಿತ ಕೊಳೆತ ಎಲೆ–ಹುಲ್ಲಿನ ಪುಡಿಯನ್ನು ಮೀನಿರುವ ನೀರಿಗೆ ಒಯ್ಯುತ್ತದೆ. ಗೊಬ್ಬರ ಹಾಕುವುದು, ನೀರು ಹಾಯಿಸುವುದು, ಬೆಳೆದದ್ದನ್ನು ಸಾಗಿಸುವುದು ಇವೆಲ್ಲವನ್ನೂ ಉಬ್ಬರ–ಇಳಿತವೇ ಪುಕ್ಕಟೆಯಾಗಿ ಮಾಡುತ್ತದೆ.

ಉಪ್ಪು ಜವುಗು ಎಂದರೆ ಯುರೋಪ್, ಉತ್ತರ ಅಮೆರಿಕದಂಥ ತಂಪು ನಾಡುಗಳಲ್ಲಿ ಮೊಣಕಾಲೆತ್ತರದ ಉಪ್ಪುಹುಲ್ಲಿನ ವಿಶಾಲ ಬಯಲು. ನಮ್ಮಂಥ ಬಿಸಿ ನಾಡಿನಲ್ಲಿ ಅದೇ ಜಾಗವನ್ನು ಬಹುಪಾಲು ಕಾಂಡ್ಲಾ ಆವರಿಸುತ್ತದೆ. ಅದರ ಅಂಚಿನಲ್ಲಿ, ಒಡ್ಡಿನ ಬುಡದಲ್ಲಿ, ಬಿಟ್ಟ ಗಜನಿಗಳಲ್ಲಿ ಉಪ್ಪು ತಾಳುವ ಹುಲ್ಲು, ಜೇಕು, ದಪ್ಪ ಎಲೆಯ ನೆಲಬಳ್ಳಿಗಳು ಬೆಳೆಯುತ್ತವೆ. ಅಘನಾಶಿನಿಯಲ್ಲಿ ಕಾಂಡ್ಲಾ, ಕೆಸರು ದಿಬ್ಬ, ಉಪ್ಪಿನ ಆಗರ, ಗಜನಿ ಗದ್ದೆ ಎಲ್ಲವೂ ಒಂದರ ಮಗ್ಗುಲಲ್ಲಿ ಒಂದು ಇವೆ, ಎಲ್ಲವನ್ನೂ ಒಂದೇ ನೀರು ತೊಯ್ಯಿಸುತ್ತದೆ. ಆದ್ದರಿಂದ ಇವನ್ನು ಬೇರೆಬೇರೆ ತುಂಡುಗಳೆಂದು ಎಣಿಸದೆ ಒಂದೇ ವ್ಯವಸ್ಥೆ ಎಂದು ನೋಡಬೇಕು.

ಗಜನಿಯಲ್ಲಿ ಬೆಳೆಯುವ ಭತ್ತದ ಹೆಸರು ಕಗ್ಗ. ಆಳೆತ್ತರಕ್ಕೆ ಹತ್ತಿರ ಬೆಳೆಯುವ, ತೆನೆಯಲ್ಲಿ ಮುಳ್ಳಿನಂಥ ಮೀಸೆಯಿರುವ, ಕೆಂಪು ಅಕ್ಕಿಯ ತಳಿ ಇದು. ಬೇರೆ ಭತ್ತ ಕರಕಲಾಗುವ ಉಪ್ಪಿನಲ್ಲಿ ಇದು ಹಸಿರಾಗಿರುತ್ತದೆ, ನೆರೆಯಲ್ಲಿ ಕೆಲವು ದಿನ ಮುಳುಗಿದರೂ ಮತ್ತೆ ತಲೆಯೆತ್ತುತ್ತದೆ. ಮುಂಗಾರಿನ ಮೊದಲ ಮಳೆಗಳು ಗದ್ದೆಯ ಮೇಲ್ಮಣ್ಣಿನ ಉಪ್ಪನ್ನು ತೊಳೆದ ಕೂಡಲೇ ಮೊಳಕೆ ಬರಿಸಿದ ಬೀಜವನ್ನು ಎರಚುತ್ತಾರೆ. ಗೊಬ್ಬರವಿಲ್ಲ, ಔಷಧಿ ಸಿಂಪಡಣೆಯಿಲ್ಲ. ಹಿಂದಿನ ಆರು ತಿಂಗಳು ಮೀನು, ಸಿಗಡಿ, ಹಕ್ಕಿಗಳು ಬಿಟ್ಟುಹೋದದ್ದೇ ಅದಕ್ಕೆ ಸಾರ. ಮಳೆಗಾಲ ಕಳೆದ ಮೇಲೆ ಕೊಯ್ಲು. ಗದ್ದೆಯಲ್ಲಿ ಉಳಿದ ಕೂಳೆ ಉಪ್ಪುನೀರಿನಲ್ಲಿ ಕೊಳೆತು ಮುಂದಿನ ಮೀನಿಗೆ ಮೇವಾಗುತ್ತದೆ. ಸಮುದ್ರಮಟ್ಟ ಏರುತ್ತಿರುವ ಈ ಕಾಲದಲ್ಲಿ ಉಪ್ಪು ತಾಳುವ ತಳಿಗಾಗಿ ದೇಶದೇಶಗಳ ಪ್ರಯೋಗಾಲಯಗಳು ದುಡಿಯುತ್ತಿವೆ. ಅಂಥ ತಳಿಯೊಂದನ್ನು ತಲೆಮಾರುಗಳಿಂದ ಆರಿಸಿ, ಉಳಿಸಿ, ಬಿತ್ತುತ್ತ ಬಂದ ರೈತರು ನಮ್ಮ ಕುಮಟೆಯಲ್ಲಿದ್ದಾರೆ. ಬೀಜವನ್ನು ಡಬ್ಬಿಯಲ್ಲಿ ಕಾದಿಡಬಹುದು. ಆ ಬೀಜ ಉಪ್ಪಿನ ಜೊತೆಗೆ ವರ್ಷ ವರ್ಷ ಹೊಂದಿಕೊಳ್ಳುತ್ತ ಹೋಗಬೇಕಾದರೆ ಗಜನಿಯೇ ಬೇಕು.

ಇಳಿತದ ಹೊತ್ತಿಗೆ ಅಳಿವೆಯ ನಡುವೆ ಕೆಸರಿನ, ಮರಳಿನ ದಿಬ್ಬಗಳು ಎದ್ದಾಗ ದೋಣಿಗಳಲ್ಲಿ ಬಂದ ಹೆಂಗಸರೂ ಗಂಡಸರೂ ಮೊಣಕಾಲುದ್ದ ನೀರಿನಲ್ಲಿ ಬಗ್ಗಿ ಬಳಚು ಎಂಬ ಚಿಪ್ಪುಜೀವಿಯನ್ನು ತೆಗೆಯುತ್ತಾರೆ. ಅಂಗಾಲಿಗೆ ಚಿಪ್ಪು ತಾಗಿದಲ್ಲಿ ಕೈ ಹಾಕಿ ಬಗೆದು, ಕೆಸರು ತೊಳೆದು, ಸೊಂಟಕ್ಕೆ ಕಟ್ಟಿಕೊಂಡ ಚೀಲಕ್ಕೋ ತೇಲುವ ಪಾತ್ರೆಗೋ ಹಾಕುತ್ತಾರೆ. ಬಂಡವಾಳವೆಂದರೆ ಒಂದು ಪಾತ್ರೆ, ಇಳಿತದ ಹೊತ್ತಿನ ಅರಿವು, ಬೆನ್ನಿನ ಶಕ್ತಿ. ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು 2008ರಲ್ಲಿ ಪ್ರಕಟಿಸಿದ ಅಧ್ಯಯನ ಈ ಅಳಿವೆಯಿಂದ ವರ್ಷಕ್ಕೆ ತೆಗೆಯುವ ಚಿಪ್ಪುಜೀವಿಗಳನ್ನು ಸುಮಾರು 22 ಸಾವಿರ ಟನ್ ಎಂದೂ ಅದರ ಬೆಲೆಯನ್ನು ಸುಮಾರು 5.78 ಕೋಟಿ ರೂಪಾಯಿ ಎಂದೂ ಅಂದಾಜಿಸಿ, 2,300ಕ್ಕೂ ಹೆಚ್ಚು ಮಂದಿಗೆ ಅದರಿಂದ ಕೆಲಸ ಸಿಗುತ್ತದೆ ಎಂದು ಹೇಳಿತ್ತು. ಈ ಎರಡು ಅಂಕಿಗಳನ್ನು ಭಾಗಿಸಿ ನೋಡಿದರೆ ಕಿಲೋಗೆ ಮೂರು ರೂಪಾಯಿಯೂ ಆಗುವುದಿಲ್ಲ. ಯೋಜನಾ ವರದಿ ಬರೆಯುವವರ ಕಣ್ಣಿಗೆ ಇದು ಕ್ಷುಲ್ಲಕ ಮೊತ್ತ. ಆದರೆ ಆ ಅಗ್ಗದ ಬೆಲೆಯ ಅರ್ಥ ಬೇರೆಯೇ: ದುಬಾರಿ ಮೀನು ಕೊಳ್ಳಲಾಗದ ಮನೆಗೂ ಇಲ್ಲಿ ಪ್ರತಿದಿನ ಪೌಷ್ಟಿಕ ಸಾರು ಸಿಗುತ್ತದೆ. ಇತ್ತೀಚಿನ ವರ್ಷಗಳಲ್ಲಿ ಬಳಚು ಕಡಿಮೆಯಾಗಿದೆ ಎಂಬ ಅಳಲು ದಡದ ಊರುಗಳಲ್ಲಿ ಕೇಳಿಬರುತ್ತಿರುವುದನ್ನು ಇದೇ ಕಾರಣಕ್ಕೆ ಹಗುರವಾಗಿ ತೆಗೆದುಕೊಳ್ಳಬಾರದು.

ಇದಲ್ಲದೆ ಸಾಣಿಕಟ್ಟಾದ ಆಗರಗಳಲ್ಲಿ ಬಿಸಿಲಿಗೆ ಹೆಪ್ಪುಗಟ್ಟುವ ಉಪ್ಪು ಇದೆ, ಏಡಿಯಿದೆ, ಕಾಂಡ್ಲಾದ ಬೇರಿನ ನಡುವೆ ಬಾಲ್ಯ ಕಳೆದು ಸಮುದ್ರಕ್ಕೆ ಹೋಗುವ ಮೀನಿನ ಮರಿಗಳಿವೆ. ಕಡಲಿನಲ್ಲಿ ದೂರ ಹೋಗಿ ಬಲೆ ಹಾಕುವ ಮೀನುಗಾರನ ಪಾಲಿನ ಒಂದಷ್ಟು ಹುಟ್ಟುವುದು ಈ ಕೆಸರಿನಲ್ಲಿ. ಹಾಲಕ್ಕಿ, ಅಂಬಿಗ, ಹರಿಕಂತ್ರ, ಪಟಗಾರ ಮುಂತಾದ ಹಲವು ಸಮುದಾಯಗಳ 6,000ದಿಂದ 7,500 ಕುಟುಂಬಗಳು ಅಳಿವೆಯನ್ನು ಆಶ್ರಯಿಸಿವೆ ಎಂದು ರಾಮ್ಸಾರ್ (ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ಪಟ್ಟಿ) ದಾಖಲೆ ಹೇಳುತ್ತದೆ.

ಕಣ್ಣಿಗೆ ಕಾಣದ ಇನ್ನೊಂದು ಕೆಲಸ ಕೆಸರಿನೊಳಗೆ ನಡೆಯುತ್ತದೆ. ಕೆಸರಿನ ಮೇಲ್ಪದರದ ಕೆಳಗೆ ಆಮ್ಲಜನಕ ಇರುವುದಿಲ್ಲವಾದ್ದರಿಂದ ಬಿದ್ದ ಎಲೆ, ಸತ್ತ ಬೇರು ಪೂರ್ತಿ ಕೊಳೆಯದೆ ಹೂತುಹೋಗುತ್ತವೆ. ಅವುಗಳಲ್ಲಿನ ಇಂಗಾಲ ಶತಮಾನಗಟ್ಟಲೆ ಅಲ್ಲೇ ಉಳಿಯುತ್ತದೆ. ಸಿಹಿನೀರಿನ ಜವುಗಿನಲ್ಲಿ ಹೀಗೆ ಕೊಳೆಯುವಾಗ ಮೀಥೇನ್ ಅನಿಲ ಹೇರಳವಾಗಿ ಹೊರಬರುತ್ತದೆ. ಸಮುದ್ರದ ನೀರಿನಲ್ಲಿರುವ ಸಲ್ಫೇಟ್ ಅದನ್ನು ಬಹುಮಟ್ಟಿಗೆ ತಡೆಯುತ್ತದೆ. ಹೀಗಾಗಿ ಒಂದು ಎಕರೆ ಉಪ್ಪು ಜವುಗು ಅಷ್ಟೇ ಅಗಲದ ಕಾಡಿಗಿಂತ ಹಲವು ಪಟ್ಟು ವೇಗವಾಗಿ ಮಣ್ಣಿನಲ್ಲಿ ಇಂಗಾಲವನ್ನು ಹೂಳುತ್ತದೆ. ಅದೇ ಕೆಸರನ್ನು ಒಡ್ಡು ಕಟ್ಟಿ ಒಣಗಿಸಿದರೆ ಎಲ್ಲವೂ ತಲೆಕೆಳಗಾಗುತ್ತದೆ. ಗಾಳಿ ತಾಗಿದೊಡನೆ ಹೂತ ಇಂಗಾಲ ಕೊಳೆತು ಮತ್ತೆ ವಾತಾವರಣ ಸೇರುತ್ತದೆ, ನೆಲ ಕುಸಿಯುತ್ತದೆ. ಕೆಸರಿನಲ್ಲಿದ್ದ ಕಬ್ಬಿಣ–ಗಂಧಕದ ಸಂಯುಕ್ತ ಗಾಳಿಯೊಡನೆ ಸೇರಿ ಗಂಧಕಾಮ್ಲವಾಗಿ ಮಣ್ಣನ್ನು ಹುಳಿಯಾಗಿಸುತ್ತದೆ. ಜವುಗನ್ನು ಒಣಗಿಸಿ ಪಡೆದ ನೆಲ ಹೊರಗಿನ ನೀರಿಗಿಂತ ತಗ್ಗಿನಲ್ಲಿರುವ, ಸದಾ ಕಾಯಬೇಕಾದ ನೆಲ.

ಇನ್ನು ಸಮುದ್ರಮಟ್ಟದ ಮಾತು. 2006ರಿಂದ 2018ರವರೆಗೆ ಜಗತ್ತಿನ ಸರಾಸರಿ ಸಮುದ್ರಮಟ್ಟ ವರ್ಷಕ್ಕೆ ಸುಮಾರು 3.7 ಮಿಲಿಮೀಟರಿನಂತೆ ಏರಿದೆ. ಕಾಂಕ್ರೀಟಿನ ತಡೆಗೋಡೆ ತಾನಾಗಿ ಬೆಳೆಯುವುದಿಲ್ಲ. ಜವುಗಿನಲ್ಲಿ ಮಾತ್ರ ಪ್ರತಿ ಉಬ್ಬರದ ನೀರು ಕಾಂಡ್ಲಾದ ಬೇರುಗಳ ನಡುವೆ ನಿಧಾನಿಸಿ ತನ್ನ ಹೂಳನ್ನು ಇಳಿಸಿ ಹೋಗುತ್ತದೆ. ಹೂಳು ಸಾಕಷ್ಟು ಬರುತ್ತಿದ್ದರೆ ನೆಲವೂ ನೀರಿನ ಜೊತೆಗೆ ಏರುತ್ತದೆ. ಆ ಹೂಳು ಬರುವುದು ಘಟ್ಟದಿಂದ. ಅಣೆಕಟ್ಟು ಕಟ್ಟಿದರೆ ಹೂಳು ಜಲಾಶಯದ ತಳದಲ್ಲಿ ನಿಲ್ಲುತ್ತದೆ, ಅಳಿವೆ ಹಸಿಯುತ್ತದೆ. ಅಣೆಕಟ್ಟಿಲ್ಲದ ಅಘನಾಶಿನಿಯ ಬೆಲೆ ಇಲ್ಲಿ ಅರ್ಥವಾಗುತ್ತದೆ.

ಈಗ ಇನ್ನೊಂದು ಪಕ್ಷದ ಮಾತನ್ನು ಅದರ ತೂಕಕ್ಕೆ ತಕ್ಕಂತೆ ಕೇಳಬೇಕು. ಉತ್ತರ ಕನ್ನಡದ ಬಹುಭಾಗ ಕಾಡು. ದೊಡ್ಡ ಉದ್ಯಮ ವಿರಳ. ಓದಿದ ಮಕ್ಕಳು ಬೆಂಗಳೂರು, ಗೋವಾ, ಮುಂಬೈ ಎಂದು ಊರು ಬಿಡುತ್ತಾರೆ. ಗಂಭೀರ ಕಾಯಿಲೆಯಾದರೆ ಜಿಲ್ಲೆಯ ಹೊರಗಿನ ಆಸ್ಪತ್ರೆಗೆ ಓಡಬೇಕು. ತದಡಿಯ ಅಳಿವೆ ಗಾಳಿ–ಅಲೆಗಳಿಂದ ಮರೆಯಾದ ಸಹಜ ತಾಣ. ಹುಬ್ಬಳ್ಳಿಯ ಕಡೆಯ ಬಯಲುಸೀಮೆಗೆ ಹತ್ತಿರದ ಕಡಲಬಾಗಿಲು. ಈ ನದಿಗೆ ಬಂದರು ಹೊಸದೂ ಅಲ್ಲ: 16ನೆಯ ಶತಮಾನದಲ್ಲಿ ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯ ಕಾಲದಲ್ಲಿ ಮಿರ್ಜಾನಿನಿಂದ ಕಾಳುಮೆಣಸು ಹಡಗೇರುತ್ತಿತ್ತು, ತದಡಿಯಲ್ಲಿ ಇಂದಿಗೂ ಮೀನುಗಾರಿಕಾ ಬಂದರಿದೆ. ಸರ್ವಋತು ಬಂದರಿನ ಪ್ರಸ್ತಾಪ ಮತ್ತೆಮತ್ತೆ ಬಂದದ್ದು ಈ ಹಿನ್ನೆಲೆಯಲ್ಲಿ. 2006ರ ಸುಮಾರಿಗೆ ಕೇಂದ್ರ ಸರ್ಕಾರದ 4,000 ಮೆಗಾವಾಟಿನ ಬೃಹತ್ ಉಷ್ಣ ವಿದ್ಯುತ್ ಯೋಜನೆಗಳ ಪಟ್ಟಿಯಲ್ಲೂ ತದಡಿ ಸೇರಿತ್ತು. ಜನರ ಪ್ರಬಲ ವಿರೋಧದಿಂದ ಅದು ಇಲ್ಲಿ ಕೈಬಿಟ್ಟುಹೋಯಿತು. ವಿರೋಧಿಸಿದವರನ್ನು ಅಭಿವೃದ್ಧಿಯ ಶತ್ರುಗಳೆಂದು ಬಗೆಯುವವರು ಒಂದನ್ನು ಮರೆಯುತ್ತಾರೆ. ಕಾಳಿ ನದಿಯ ಅಣೆಕಟ್ಟುಗಳಿಗೆ, ಕೈಗಾ ಅಣುಸ್ಥಾವರಕ್ಕೆ, ಕಾರವಾರದ ನೌಕಾನೆಲೆಗೆ ನೆಲ ಬಿಟ್ಟುಕೊಟ್ಟ ಜಿಲ್ಲೆ ಇದು. ದೇಶದ ಅಗತ್ಯಕ್ಕಾಗಿ ಮನೆ ಕಳೆದುಕೊಳ್ಳುವುದು ಎಂದರೇನು ಎಂಬುದು ಇಲ್ಲಿನವರಿಗೆ ಪುಸ್ತಕದಿಂದ ತಿಳಿದ ವಿಷಯವಲ್ಲ.

ಲಾಭ–ನಷ್ಟದ ತಕ್ಕಡಿ ಹಿಡಿದಾಗ ಜವುಗು ಏಕೆ ಪ್ರತಿಸಲ ಹಗುರವಾಗಿ ಕಾಣುತ್ತದೆ? ಮೊದಲ ಕಾರಣ, ಅದರ ಫಲ ಸಾವಿರಾರು ಮನೆಗಳಿಗೆ ಚಿಲ್ಲರೆಯಾಗಿ ಹಂಚಿಹೋಗುತ್ತದೆ. ಬಳಚಿಗೆ ರಸೀದಿಯಿಲ್ಲ, ಮನೆಯಲ್ಲೇ ಉಂಡ ಕಗ್ಗದ ಅನ್ನಕ್ಕೆ ಲೆಕ್ಕಪುಸ್ತಕವಿಲ್ಲ, ಬಾರದೆ ಹೋದ ನೆರೆಗೆ ಯಾರೂ ಬಿಲ್ ಬರೆಯುವುದಿಲ್ಲ. ಬಂದರಿನ ಆದಾಯವಾದರೋ ಒಂದೇ ಖಾತೆಯಲ್ಲಿ, ದೊಡ್ಡ ಅಂಕಿಯಲ್ಲಿ ಕಾಣುತ್ತದೆ. ಎರಡನೆಯ ಕಾರಣ ಅರ್ಥಶಾಸ್ತ್ರದ ಒಂದು ರೂಢಿ. ಮುಂದೆ ಬರುವ ಹಣವನ್ನು ಇಂದಿನ ಬೆಲೆಗೆ ಇಳಿಸಿ ಲೆಕ್ಕ ಹಾಕುತ್ತಾರೆ. ವರ್ಷಕ್ಕೆ ಶೇಕಡ 10ರ ದರ ಹಿಡಿದರೆ 30 ವರ್ಷಗಳ ನಂತರದ 100 ರೂಪಾಯಿಯ ಇಂದಿನ ಬೆಲೆ ಆರು ರೂಪಾಯಿಗಿಂತಲೂ ಕಡಿಮೆ. ಸಾಲ ತಂದು ಕಟ್ಟುವ ಕಾರ್ಖಾನೆಗೆ ಈ ರೂಢಿ ಸರಿ. ಶತಮಾನಗಳಿಂದ ಕೊಡುತ್ತ ಬಂದು, ಮುಂದೆಯೂ ಕೊಡುತ್ತಲೇ ಇರಬಲ್ಲ ಕೆಸರಿನ ಬಯಲಿಗೆ ಅದೇ ಅಳತೆಗೋಲು ಹಿಡಿದರೆ ಮೊಮ್ಮಕ್ಕಳ ಊಟದ ಬೆಲೆ ಲೆಕ್ಕದಿಂದಲೇ ಮಾಯವಾಗುತ್ತದೆ. ಇದರಲ್ಲಿ ಯಾರ ದುರುದ್ದೇಶವೂ ಇರಬೇಕಾಗಿಲ್ಲ. ಸೂತ್ರವನ್ನು ತಪ್ಪು ಜಾಗದಲ್ಲಿ ಬಳಸಿದರೆ ಸಾಕು.

ಎಕರೆಯ ಲೆಕ್ಕ ಎಲ್ಲಿ ಎಡವುತ್ತದೆ ಎಂಬುದಕ್ಕೆ ಈಗ ಬರೋಣ. ದೊಡ್ಡ ಹಡಗು ಬರಬೇಕಾದರೆ ಅಳಿವೆ ಬಾಯಿಯ ಮರಳದಿಬ್ಬವನ್ನು ತೋಡಿ ಆಳವಾದ ಕಾಲುವೆ ಮಾಡಬೇಕು, ಮತ್ತೆ ತುಂಬುವ ಹೂಳನ್ನು ಆಗಾಗ ತೆಗೆಯುತ್ತಲೇ ಇರಬೇಕು. ಕಾಗದದ ಮೇಲೆ ಈ ಕಾಲುವೆ ಕೆಲವೇ ಎಕರೆ. ಆದರೆ ಬಾಯಿ ಆಳವಾದೊಡನೆ ಪ್ರತಿ ಉಬ್ಬರದಲ್ಲಿ ಒಳಬರುವ ಉಪ್ಪುನೀರಿನ ಪ್ರಮಾಣ ಹೆಚ್ಚುತ್ತದೆ, ಅದು ಮೊದಲಿಗಿಂತ ದೂರ ಮೇಲಕ್ಕೆ ಏರುತ್ತದೆ. ಅಲ್ಲಿಯವರೆಗೆ ಸಿಹಿಯಾಗಿದ್ದ ಬಾವಿಗಳಿಗೆ ಉಪ್ಪು ಇಳಿಯುತ್ತದೆ. ತೋಡುವಾಗ ಎದ್ದ ಕೆಸರು ನೀರಿನಲ್ಲಿ ತೇಲಿ, ನೀರನ್ನು ಸೋಸಿಯೇ ಆಹಾರ ಪಡೆಯುವ ಬಳಚಿನ ಕಿವಿರುಗಳನ್ನು ಕಟ್ಟುತ್ತದೆ. ಅಲೆತಡೆ ಗೋಡೆಗಳು ಕರಾವಳಿಗುಂಟ ಸಾಗುವ ಮರಳನ್ನು ಒಂದು ಬದಿಗೆ ಹಿಡಿದಿಟ್ಟು, ಇನ್ನೊಂದು ಬದಿಯ ದಂಡೆಯನ್ನು ಕೊರೆತಕ್ಕೆ ಒಡ್ಡುತ್ತವೆ. ಗಜನಿಯ ಒಂದು ಒಡ್ಡನ್ನೂ ಮುಟ್ಟದೆ ಇವೆಲ್ಲ ನಡೆಯಬಲ್ಲವು. ಮಿರ್ಜಾನಿನ ಕಾಲದ ಹಡಗು ನದಿಯ ಆಳಕ್ಕೆ ತಾನು ಹೊಂದಿಕೊಳ್ಳುತ್ತಿತ್ತು. ಇಂದಿನ ಹಡಗಿಗೆ ನದಿಯೇ ಹೊಂದಿಕೊಳ್ಳಬೇಕು.

ವಿರುದ್ಧ ದಿಕ್ಕಿನಿಂದ ಬರುವ ಪೆಟ್ಟಿಗೆ ಪಕ್ಕದ ಶರಾವತಿಯೇ ಸಾಕ್ಷಿ. 1960ರ ದಶಕದಲ್ಲಿ ಲಿಂಗನಮಕ್ಕಿ, ಆಮೇಲೆ ಗೇರುಸೊಪ್ಪೆಯ ಅಣೆಕಟ್ಟು ಬಂದ ಬಳಿಕ ವಿದ್ಯುದಾಗಾರದಿಂದ ಹೊರಬೀಳುವ ಸಿಹಿನೀರು ಬೇಸಿಗೆಯಲ್ಲೂ ಹೊನ್ನಾವರದ ಅಳಿವೆಗೆ ಹರಿಯತೊಡಗಿತು. ಬೇಸಿಗೆಯಲ್ಲಿ ಏರಬೇಕಾದ ಉಪ್ಪು ಏರಲಿಲ್ಲ. ಉಪ್ಪು ಬೇಕಾದ ಚಿಪ್ಪುಜೀವಿಗಳೂ ಮೀನುಗಳೂ ಅಲ್ಲಿ ಅಘನಾಶಿನಿಯಷ್ಟು ಸಮೃದ್ಧವಾಗಿಲ್ಲ ಎಂಬುದನ್ನು ಎರಡೂ ಅಳಿವೆಗಳನ್ನು ಹೋಲಿಸಿದ ಅಧ್ಯಯನಗಳು ತೋರಿಸಿವೆ. ಅಳಿವೆಗೆ ಯಾರೂ ಕೈ ಹಾಕಿರಲಿಲ್ಲ. ಹತ್ತಾರು ಕಿಲೋಮೀಟರ್ ಮೇಲೆ ನೀರಿನ ಹೊತ್ತುಗೊತ್ತನ್ನು ಬದಲಿಸಿದ್ದಷ್ಟೇ ಸಾಕಾಯಿತು. ಅಘನಾಶಿನಿಯ ನೀರನ್ನು ಪೂರ್ವಕ್ಕೆ ತಿರುಗಿಸಿ ವೇದಾವತಿಗೆ ಒಯ್ಯುವ ಪ್ರಸ್ತಾಪವನ್ನು ಕೇಳಿದಾಗ ನನಗೆ ಕಳವಳವಾಗುವುದು ಇದಕ್ಕಾಗಿ. ಬಯಲುಸೀಮೆಯ ಬಾಯಾರಿಕೆ ಸುಳ್ಳಲ್ಲ. ಆದರೆ ‘ಸಮುದ್ರಕ್ಕೆ ಹರಿದು ವ್ಯರ್ಥವಾಗುವ ನೀರು’ ಎಂಬ ಮಾತು ಮಾತ್ರ ಪೂರ್ತಿ ತಪ್ಪು. ಗಜನಿಯ ಉಪ್ಪು ತೊಳೆಯುವುದು ಆ ನೀರು, ಹೂಳು ತರುವುದು ಆ ನೀರು, ಮೀನಿಗೆ ಮೊಟ್ಟೆಯಿಡುವ ಹೊತ್ತನ್ನು ತಿಳಿಸುವುದು ಆ ನೀರು.

ಕೆಡಿಸಿದ ಮೇಲೆ ಸರಿಪಡಿಸಬಹುದಲ್ಲ ಎಂದು ಕೇಳುವವರಿಗೆ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯತ್ತ ಬೆರಳು ತೋರಬಹುದು. ಫ್ರೀಮಾಂಟ್, ಸ್ಯಾನ್ ಹೋಸೆಗಳಲ್ಲಿ ನೆಲೆಸಿದ ಎಷ್ಟೋ ಕನ್ನಡಿಗರು ಸಂಜೆ ನಡೆದಾಡುವ ಆ ಕೊಲ್ಲಿಯಂಚು ಒಂದು ಕಾಲಕ್ಕೆ ಎಲ್ಲಿ ನೋಡಿದರಲ್ಲಿ ಉಪ್ಪುಹುಲ್ಲಿನ ಜವುಗಾಗಿತ್ತು. ಉಪ್ಪಿನ ಉದ್ಯಮ, ಬೇಸಾಯ, ಪಟ್ಟಣ, ವಿಮಾನ ನಿಲ್ದಾಣಗಳಿಗಾಗಿ ಅದರ ಬಹುದೊಡ್ಡ ಭಾಗವನ್ನು ಒಡ್ಡು ಕಟ್ಟಿ ಮುಚ್ಚಿದರು. 2003ರಲ್ಲಿ ಸರ್ಕಾರ ಕೊಲ್ಲಿಯ ದಕ್ಷಿಣ ಭಾಗದ 15,100 ಎಕರೆ ಉಪ್ಪಿನ ಕೊಳಗಳನ್ನು ಕೊಂಡು ಜವುಗನ್ನು ಮರಳಿ ತರುವ ಕೆಲಸಕ್ಕೆ ಇಳಿಯಿತು. ಅದು ದಶಕಗಳ ಕೆಲಸ. ಕುಸಿದ ನೆಲವನ್ನು ಏರಿಸಲು ಹೂಳು ಬೇಕು. ಸುತ್ತ ಬೆಳೆದ ಪಟ್ಟಣಗಳನ್ನು ಕಾಯಲು ಹೊಸ ಒಡ್ಡು ಬೇಕು. ಜಗತ್ತಿನ ಅತಿ ಸಿರಿವಂತ ಪ್ರದೇಶವೊಂದು ತಾನು ಕಳೆದುಕೊಂಡದ್ದನ್ನು ಹಣ ಕೊಟ್ಟು ಮರಳಿ ಪಡೆಯಲು ಇಷ್ಟು ಹೆಣಗುತ್ತಿದೆ. ಉತ್ತರ ಕನ್ನಡದವರಿಗೆ ಇನ್ನೂ ಹತ್ತಿರದ ಉದಾಹರಣೆ ಮುಂಬೈ. ಮೀಠಿ ನದಿಯ ಬಾಯಲ್ಲಿದ್ದ ಜವುಗನ್ನು ತುಂಬಿ ಕಚೇರಿಗಳ ಬಡಾವಣೆ ಕಟ್ಟಿದ ಆ ನಗರದಲ್ಲಿ 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ 944 ಮಿಲಿಮೀಟರ್ ಮಳೆ ಸುರಿದಾಗ ನೀರಿಗೆ ಹರಡಿಕೊಳ್ಳಲು ಜಾಗವಿರಲಿಲ್ಲ. ಅಷ್ಟು ಮಳೆಗೆ ಯಾವ ನಗರವಾದರೂ ತತ್ತರಿಸುತ್ತಿತ್ತು, ನಿಜ. ಆದರೆ ನದಿಯ ಬಾಯನ್ನು ಕಟ್ಟಿದ್ದರಿಂದ ನೆರೆ ಇನ್ನಷ್ಟು ಏರಿತು.

ಕಾನೂನು ಏನು ಮಾಡುತ್ತದೆ? 2019ರ ಕರಾವಳಿ ನಿಯಂತ್ರಣ ವಲಯ ಅಧಿಸೂಚನೆ ಉಪ್ಪು ಜವುಗು, ಕಾಂಡ್ಲಾ ಕಾಡು, ಜೀವಂತ ಕೆಸರು ಬಯಲುಗಳನ್ನು ಅತಿ ಸೂಕ್ಷ್ಮ ವರ್ಗಕ್ಕೆ ಸೇರಿಸಿದೆ. 1,000 ಚದರ ಮೀಟರಿಗಿಂತ ದೊಡ್ಡ ಕಾಂಡ್ಲಾ ಕಾಡಿನ ಸುತ್ತ 50 ಮೀಟರ್ ಕಾಪುಪಟ್ಟಿಯನ್ನೂ ವಿಧಿಸಿದೆ. 2024ರ ಜನವರಿಯಲ್ಲಿ ಅಘನಾಶಿನಿ ಅಳಿವೆಯ 4,801 ಹೆಕ್ಟೇರ್ ಪ್ರದೇಶ ಅಂಕಸಮುದ್ರ, ಮಾಗಡಿ ಕೆರೆಗಳ ಜೊತೆಗೆ ರಾಮ್ಸಾರ್ ಪಟ್ಟಿಗೆ ಸೇರಿತು. ಅದಕ್ಕೆ ಮೊದಲು ಕರ್ನಾಟಕದಿಂದ ಆ ಪಟ್ಟಿಯಲ್ಲಿದ್ದದ್ದು ರಂಗನತಿಟ್ಟು ಒಂದೇ. ಇದು ನಿಜಕ್ಕೂ ದೊಡ್ಡ ಮನ್ನಣೆ, ಇದಕ್ಕಾಗಿ ದುಡಿದವರಿಗೆ ನಾಡು ಕೃತಜ್ಞವಾಗಿರಬೇಕು. ಆದರೆ ರಕ್ಷಣೆಯ ಬೇಲಿಯಲ್ಲಿ ಕಂಡಿಗಳಿವೆ. 2017ರ ಜೌಗುಪ್ರದೇಶ ನಿಯಮಗಳಲ್ಲಿ ‘ಜೌಗುಪ್ರದೇಶ’ ಎಂಬ ಪದದ ವ್ಯಾಖ್ಯೆ ನದಿಯ ಪಾತ್ರ, ಭತ್ತದ ಗದ್ದೆ, ಮೀನು ಸಾಕಣೆ ಮತ್ತು ಉಪ್ಪು ತಯಾರಿಕೆಗೆಂದು ಕಟ್ಟಿದ ರಚನೆಗಳನ್ನು ಹೊರಗಿಡುತ್ತದೆ. ಅಘನಾಶಿನಿಯನ್ನು ಕಣ್ಣಮುಂದೆ ತಂದುಕೊಂಡು ಈ ಸಾಲನ್ನು ಓದಿದರೆ ಗಾಬರಿಯಾಗುತ್ತದೆ: ಗಜನಿ ಭತ್ತದ ಗದ್ದೆಯೂ ಹೌದು, ಮೀನಿನ ಕೊಳವೂ ಹೌದು, ಸಾಣಿಕಟ್ಟಾ ಉಪ್ಪಿನ ಆಗರ. ಮನುಷ್ಯನ ಕೈ ತಾಗಿದ ನೆಲ ನಿಸರ್ಗವಲ್ಲ ಎಂಬ ಕಲ್ಪನೆ ಆ ವ್ಯಾಖ್ಯೆಯ ಹಿಂದಿದೆ, ಇಲ್ಲಿ ಅದು ಹೊಂದುವುದೇ ಇಲ್ಲ. ಇನ್ನೊಂದು ಕಂಡಿ ಶರಾವತಿಯ ಮಾತಿನಲ್ಲಿ ಕಂಡದ್ದು: 4,801 ಹೆಕ್ಟೇರಿನ ಗೆರೆ ಘಟ್ಟದ ಮೇಲಿನ ನದಿಯನ್ನು ಒಳಗೊಳ್ಳುವುದಿಲ್ಲ.

ಹೊರಗಿನ ಯೋಜನೆಗಳನ್ನಷ್ಟೇ ದೂರಿ ಸುಮ್ಮನಾಗುವಂತಿಲ್ಲ, ಗಜನಿ ಒಳಗಿನಿಂದಲೂ ಸವೆದಿದೆ. ಮಣ್ಣಿನ ಒಡ್ಡುಗಳನ್ನು ಊರಿನವರೇ ಸೇರಿ ದುರಸ್ತಿ ಮಾಡುತ್ತಿದ್ದ ಪದ್ಧತಿ, ಸರ್ಕಾರ ಖಾರ್‌ಲ್ಯಾಂಡ್ (ಕರಾವಳಿಯ ಉಪ್ಪುನೆಲಗಳ ರಕ್ಷಣೆಯ) ಯೋಜನೆಯಲ್ಲಿ ಕಲ್ಲಿನ ಒಡ್ಡು ಕಟ್ಟಿಕೊಟ್ಟ ಬಳಿಕ ಸಡಿಲವಾಯಿತು. 1990ರ ದಶಕದಲ್ಲಿ ಸಿಗಡಿಗೆ ವಿದೇಶದಲ್ಲಿ ಬೆಲೆ ಬಂದಾಗ ಗಜನಿಗಳನ್ನು ಗುತ್ತಿಗೆಗೆ ಕೊಡುವುದು ಲಾಭವೆನಿಸಿತು. ಗುತ್ತಿಗೆದಾರನಿಗೆ ಬೇಕಾದದ್ದು ಉಪ್ಪುನೀರು; ಭತ್ತ ಬಿತ್ತುವ ಹೊತ್ತಿಗೂ ಅದನ್ನು ಹೊರಗೆ ಬಿಡಲು ಅವನಿಗೆ ಮನಸ್ಸಿರಲಿಲ್ಲ. ಅಷ್ಟರಲ್ಲಿ ಬಿಳಿಚುಕ್ಕೆ ರೋಗ ಬಂದು ಸಿಗಡಿ ಸತ್ತಿತು. 1996ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಕರಾವಳಿ ವಲಯದಲ್ಲಿ ಸಾಂಪ್ರದಾಯಿಕ ಪದ್ಧತಿಗಳನ್ನು ಬಿಟ್ಟು ಉಳಿದ ಸಿಗಡಿ ಕೃಷಿಯನ್ನು ನಿರ್ಬಂಧಿಸಿತು. ಆದರೆ ಅಷ್ಟು ಹೊತ್ತಿಗೆ ಎಷ್ಟೋ ಗದ್ದೆಗಳಲ್ಲಿ ಕಗ್ಗ ಬಿತ್ತುವ ರೂಢಿ ತಪ್ಪಿಹೋಗಿತ್ತು. ಗಜನಿಯ ಬೇಸಾಯ ಒಬ್ಬನ ಬೇಸಾಯವಲ್ಲ. ಪಕ್ಕದವ ಜಂತ್ರಡಿ ತೆರೆದಿಟ್ಟರೆ ನನ್ನ ಬೆಳೆ ಹೋಯಿತು. ಒಬ್ಬ ಒಡ್ಡು ಕಟ್ಟದಿದ್ದರೆ ಎಲ್ಲರ ಗದ್ದೆ ಹೋಯಿತು. ಈ ಒಗ್ಗಟ್ಟು ಒಮ್ಮೆ ಮುರಿದರೆ ಅದನ್ನು ಮತ್ತೆ ಕಟ್ಟುವುದು ಒಡ್ಡು ಕಟ್ಟುವುದಕ್ಕಿಂತ ಕಷ್ಟ.

ಹಾಗಾದರೆ ಇಲ್ಲಿ ಏನೂ ಬೆಳೆಯಬಾರದೇ? ಖಂಡಿತ ಬೆಳೆಯಬೇಕು. ಒಡೆದ ಒಡ್ಡುಗಳ ದುರಸ್ತಿಗೆ, ಕಗ್ಗದ ಅಕ್ಕಿಗೂ ಸಾಣಿಕಟ್ಟಾದ ಉಪ್ಪಿಗೂ ನ್ಯಾಯವಾದ ಬೆಲೆ ಸಿಗುವಂತೆ ಮಾಡುವುದಕ್ಕೆ, ಬಳಚು ಮತ್ತು ಕಲ್ವಾಗಳನ್ನು (ಸಿಂಪಿಗಳನ್ನು) ತಾಜಾ ಆಗಿ ಸಾಗಿಸುವ ವ್ಯವಸ್ಥೆಗೆ, ಬಳಚು ಮೊಟ್ಟೆಯಿಡುವ ತಿಂಗಳುಗಳಲ್ಲಿ ಅದನ್ನು ತೆಗೆಯದಂತೆ ಊರಿನವರೇ ಒಪ್ಪಿಕೊಳ್ಳುವ ನಿಯಮಕ್ಕೆ ತಗಲುವ ವೆಚ್ಚ ಬಂದರಿನ ವೆಚ್ಚದ ಮುಂದೆ ಅತ್ಯಲ್ಪ. ಯಾವುದೇ ಹೊಸ ಯೋಜನೆ ಬಂದಾಗ ಎಷ್ಟು ಎಕರೆ ಬೇಕು ಎಂದು ಕೇಳುವುದಕ್ಕಿಂತ ಮೊದಲು, ಮೇ ತಿಂಗಳಲ್ಲಿ ಉಪ್ಪು ಎಲ್ಲಿಯವರೆಗೆ ಏರುತ್ತದೆ, ಜೂನಿನಲ್ಲಿ ಎಷ್ಟು ದಿನದಲ್ಲಿ ತೊಳೆದುಹೋಗುತ್ತದೆ, ಹೂಳು ಎಷ್ಟು ಬರುತ್ತದೆ ಎಂಬ ಮೂರರಲ್ಲಿ ಯಾವುದನ್ನು ಅದು ಎಷ್ಟು ಬದಲಿಸುತ್ತದೆ ಎಂದು ಕೇಳಬೇಕು. ಉತ್ತರವನ್ನು ಒಂದು ಋತುವಿನ ಸಮೀಕ್ಷೆಯಿಂದ ಕೊಡಲಾಗದು. ಕನಿಷ್ಠ ಒಂದು ಮಳೆಗಾಲ, ಒಂದು ಬೇಸಿಗೆ ಪೂರ್ತಿ ನೀರನ್ನು ಅಳೆದವರಿಗೆ ಮಾತ್ರ ಅದು ಸಾಧ್ಯ. ಆ ಅಳತೆಯ ಕೆಲಸದಲ್ಲಿ ಗಜನಿಯವರನ್ನೂ ಸೇರಿಸಿಕೊಳ್ಳಬೇಕು. ಮುಂಗಾರಿನ ಮೊದಲ ವಾರ ಗದ್ದೆಯ ನೀರನ್ನು ಬೊಗಸೆಯಲ್ಲಿ ಎತ್ತಿ ನಾಲಿಗೆಗೆ ಮುಟ್ಟಿಸಿ, ಇನ್ನೆರಡು ಮಳೆ ಬರಲಿ, ಆಮೇಲೆ ಬಿತ್ತೋಣ ಎಂದು ಹೇಳಬಲ್ಲ ರೈತರು ಮಾಣಿಕಟ್ಟಾದ ಕಡೆ ಇನ್ನೂ ಇದ್ದಾರೆ.